ನಿಂಬೆ ಹಿಂಡಿದ ಮಾಂಜಿ

“ಗುರುಗಳೇ, ಒಬ್ಬರನ್ನು ಸಂತೋಷಪಡಿಸಲು ಇನ್ನು ಏನೇನು ಮಾಡಬೇಕು?” ಎಂದು ಲೋಕಯ್ಯ ಕೇಳಿದ.

ದೂಮಪ್ಪ ಗುರುಗಳು ಕಣ್ಣು ಮುಚ್ಚಿದರು. ಅದು ಧ್ಯಾನವಲ್ಲ, ಬೇಸರ. ಆ ವಾರದಲ್ಲಿ ಅವನು ಇದೇ ಪ್ರಶ್ನೆಯನ್ನು ಕೇಳುತ್ತಿರುವುದು ನಾಲ್ಕನೆಯ ಸಲ.

ಲೋಕಯ್ಯನನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ಅವಳು ಅವನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅವನು ಅವಳಿಗೆ ಗಾಳಿ ಬೆಳಕಿನ ಕೋಣೆ ಕೊಟ್ಟಿದ್ದ, ಮೆತ್ತನೆಯ ಹಾಸಿಗೆ ಹಾಕಿಸಿದ್ದ, ಟಿ.ವಿ. ತಂದಿಟ್ಟಿದ್ದ. ನೀನು ಅಡುಗೆಮನೆಗೆ ಕಾಲಿಡಲೇಬೇಡ ಎಂದಿದ್ದ. ಆದರೂ ಅವಳು ನಾಡಿದ್ದು ಹೊರಟುಹೋಗುತ್ತೇನೆ ಎಂದು ಬಟ್ಟೆಯ ಚೀಲ ಕಟ್ಟಿಟ್ಟಿದ್ದಳು. ಮೊದಲ ಮೂರು ಸಲವೂ ಗುರುಗಳು ‘ಮನೆಗೆ ಹೋಗು, ಅಕ್ಕನ ಹತ್ತಿರ ಕೂತುಕೋ’ ಎಂದಷ್ಟೇ ಹೇಳಿದ್ದರು. ಅವನು ಅದರಲ್ಲಿ ಏನೋ ವೇದಾಂತವಿದೆ ಎಂದುಕೊಂಡು ಕೈಮುಗಿದು ಹೋಗಿ, ಅದರ ಅರ್ಥ ಕೇಳಲು ಮತ್ತೆ ಬಂದಿದ್ದ.

ಗುರುಗಳು ಸನ್ಯಾಸಕ್ಕೆ ಮುಂಚೆ ಇಪ್ಪತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು. ಅವರ ದೃಷ್ಟಾಂತಗಳಲ್ಲಿ ದೇವರಿಗಿಂತ ಉಪ್ಪು ಹೆಚ್ಚು ಬರುತ್ತಿತ್ತು. “ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ” ಎಂದು ಅವರು ಆರಂಭಿಸಿದರು.

ಒಬ್ಬ ಬಲೆ ನೇಯುವವನಿದ್ದ. ಅವನ ಹೆಂಡತಿ ಮೀನು ಮಾರುವವಳು. ಮೂವತ್ತು ವರ್ಷ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋಗಿದ್ದಳು. ಮೀನು ಕೊಡುವಾಗ ಅದನ್ನು ಹೇಗೆ ಬೇಯಿಸಬೇಕೆಂದೂ ಹೇಳಿ ಬರುತ್ತಿದ್ದಳು.

ಒಂದು ವರ್ಷ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಬಾಯಿರುಚಿ ಮರಳಲಿಲ್ಲ. ಮಸಾಲೆಯ ವಾಸನೆ ಬಂದರೆ ವಾಕರಿಕೆ. ಬರೀ ಗಂಜಿಯ ತಿಳಿ ಕುಡಿದು ಅವಳು ಕಡ್ಡಿಯಾದಳು. ವೈದ್ಯರು ಗಂಡನನ್ನು ಕರೆದು, ಖಾರ ಬೇಡ, ಕರಿದದ್ದು ಬೇಡ, ಬಿಳಿ ಮೀನನ್ನು ಮೆತ್ತಗೆ ಬೇಯಿಸಿ ಕೊಡು, ಒಂದು ವಾರದಲ್ಲಿ ಅವಳು ಊಟ ಮಾಡದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು.

ಗಂಡ ಹೆದರಿದ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇತ್ತು, ಅದರಲ್ಲಿ ಸಂಶಯವಿಲ್ಲ. ಪ್ರೀತಿ ಇರುವವರೇ ಇಂಥ ಕೆಲಸ ಮಾಡುವುದು. ಮಗಳ ಮದುವೆಯಲ್ಲಿ ಯಾರೋ ಕೊಟ್ಟ ಓವನ್ ಒಂದು ಹಳೆಯ ಬೆಡ್‌ಶೀಟು ಹೊದ್ದುಕೊಂಡು ಅಟ್ಟದ ಮೇಲೆ ಕೂತಿತ್ತು. ಅವನು ಅದನ್ನು ಕೆಳಗಿಳಿಸಿದ. ಬಂದರಿಗೆ ಹೋಗಿ, ಇದ್ದುದರಲ್ಲಿ ಬೆಲೆಬಾಳುವ ಮಾಂಜಿಯನ್ನು, ಪೇಟೆಯವರು ಪಾಂಫ್ರೆಟ್ ಎನ್ನುವ ಮೀನನ್ನು, ತಂದ. ಮೊಬೈಲಿನಲ್ಲಿ ಯಾರೋ ಮೀನಿಗೆ ಬೆಣ್ಣೆ ಸವರಿ, ಓವನ್‌ನಲ್ಲಿ ಬೇಯಿಸಿ, ಮೇಲೆ ನಿಂಬೆರಸ ಸೇರಿಸಿದ ಬೆಣ್ಣೆ ಸುರಿಯುವುದನ್ನು ನೋಡಿದ. ಹಾಗೆಯೇ ಮಾಡಿದ. ಆದರೆ ಕೇಕಿಗೆ ಇಡುವಷ್ಟು ಹೊತ್ತು ಒಳಗೆ ಇಟ್ಟ. ಮೀನು ಒಣಗಿ ತೆಂಗಿನ ಸಿಪ್ಪೆಯಾಯಿತು.

ಹೆಂಡತಿ ಒಂದು ಚೂರು ಬಾಯಿಗೆ ಹಾಕಿ, ತಟ್ಟೆ ಸರಿಸಿದಳು.

ಅವನು ಪಕ್ಕದ ಮನೆಯವಳನ್ನು ಕೇಳಿದ. ಜ್ವರದ ಬಾಯಿಗೆ ಮೀನಿನ ವಾಸನೆ ಹಿಡಿಸುವುದಿಲ್ಲ, ರಾತ್ರಿಯೇ ನಿಂಬೆ ಹಿಂಡಿ ಇಡಿ ಎಂದಳು ಅವಳು. ನಮ್ಮ ಕರಾವಳಿಯವರಿಗೆ ಇದೊಂದು ಚಟ, ಹುಳಿ ಹಚ್ಚದೆ ಮೀನನ್ನು ಮುಟ್ಟುವುದಿಲ್ಲ. ಇವನು ಒಂದಕ್ಕೆ ನಾಲ್ಕು ನಿಂಬೆ ಹಿಂಡಿದ. ಬೆಳಿಗ್ಗೆ ನೋಡಿದರೆ ಒಲೆಗೆ ಹೋಗುವ ಮೊದಲೇ ಮೀನು ಹುಳಿಯಲ್ಲಿ ಬೆಂದು ಸುಣ್ಣದಂತೆ ಪುಡಿಪುಡಿಯಾಗಿತ್ತು. ಅದನ್ನೂ ಅವನು ಓವನ್‌ಗೆ ಇಟ್ಟ! ಹೆಂಡತಿ ಅದನ್ನು ನೋಡಿ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಆಮೇಲೆ ಹೋಟೆಲಿನ ಅಡುಗೆಯವನನ್ನು ಕೇಳಿದ. ಬಂದರಿನ ಗುಮಾಸ್ತನನ್ನು ಕೇಳಿದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನನ್ನೂ ಕೇಳಿದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಇವನ ಕೈಯಲ್ಲಿ ನಿಜವಾಗಿಯೂ ಬೆಣ್ಣೆಯ ಪೊಟ್ಟಣ ಇತ್ತು, ಬಿಸಿಲಿಗೆ ಕರಗಿ ಸೋರುತ್ತಿತ್ತು. ಆರನೆಯ ದಿನ ಅವನು ಎಲ್ಲರ ಮಾತನ್ನೂ ಸೇರಿಸಿ ಅಡುಗೆ ಮಾಡಿದ. ಬೆಣ್ಣೆಯನ್ನೂ ನಿಂಬೆರಸವನ್ನೂ ಒಟ್ಟಿಗೆ ಕೊತಕೊತ ಕುದಿಸಿದ. ಬೆಣ್ಣೆ ಒಡೆದು ಎಣ್ಣೆ ಮೇಲೆ ತೇಲಿತು, ರಸ ಕಹಿಯಾಯಿತು. ಅದನ್ನೇ ಮಾಂಜಿಯ ಮೇಲೆ ಸುರಿದು ತಂದಿಟ್ಟ.

ಹೆಂಡತಿ ತಟ್ಟೆಯನ್ನು ಮುಟ್ಟಲೂ ಇಲ್ಲ.

ಅವನ ತಾಳ್ಮೆ ತಪ್ಪಿತು. “ಆರು ದಿನದಿಂದ ನಿಂಗೋಸ್ಕರ ಸಾಯ್ತಾ ಇದ್ದೇನೆ. ಊರಲ್ಲಿ ಕೇಳದ ಜನ ಇಲ್ಲ. ಇನ್ನು ಎಂತ ಮಾಡ್ಬೇಕು ನಾನು, ಹೇಳು!” ಎಂದು ಕೂಗಿದ.

ಹೆಂಡತಿ ಎದ್ದು ಕೂತಳು. ಅವಳಿಗೆ ಕೂಗುವ ಶಕ್ತಿ ಇರಲಿಲ್ಲ. “ಊರಿಗೆಲ್ಲ ಮೀನು ಬೇಯಿಸ್ಲಿಕ್ಕೆ ಹೇಳಿಕೊಟ್ಟವಳು ನಾನು. ನನ್ನತ್ರ ಒಂದು ಮಾತು ಕೇಳಿದ್ರಾ ನೀವು? ಮಾಂಜಿ ನಾನು ಮಾರ್ತಾ ಇದ್ದದ್ದು. ನಂಗೆ ಅದು ಯಾವತ್ತೂ ಸೇರ್ಲಿಲ್ಲ. ಬುಟ್ಟಿಯ ಅಡಿಯಲ್ಲಿ ಉಳಿದ ನಂಗ್ ಮೀನನ್ನೇ ಅಲ್ವಾ ನಾನು ದಿನಾ ಮನೆಗೆ ತರ್ತಿದ್ದದ್ದು?”

ಮೂವತ್ತು ವರ್ಷ ಬಲೆಯವನೂ ಆ ಮೀನನ್ನು ತಿಂದಿದ್ದ. ಉಳಿದದ್ದು ಅದೇ, ಅದಕ್ಕೇ ತರುತ್ತಾಳೆ ಎಂದುಕೊಂಡಿದ್ದ. ಅದು ಅವಳಿಗೆ ಇಷ್ಟವೆಂದು ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಎದ್ದು ಹೋಗಿ ನಂಗ್ ತಂದ. ಅದು ನಾಲಗೆಯಂತೆ ಚಪ್ಪಟೆಯಾದ, ಅಗ್ಗದ ಬಿಳಿ ಮೀನು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಗೆ ಸ್ಟೂಲು ಹಾಕಿದ.

ಅವಳು ಕೂತಲ್ಲಿಂದಲೇ ಹೇಳಿದಳು, ಅವನು ಮಾಡಿದ. ಚರ್ಮ ಸುಲಿದು, ಉಪ್ಪು ಮಾತ್ರ ಸವರಿದ. ನಡುಮುಳ್ಳಿನಿಂದ ಮಾಂಸ ತಾನಾಗಿ ಬಿಡುವಷ್ಟರಲ್ಲಿ ಓವನ್‌ನಿಂದ ಹೊರಗೆ ತೆಗೆದ. ಬೆಣ್ಣೆ ಕರಗಿದೊಡನೆ ಒಲೆಯಿಂದ ಇಳಿಸಿದ, ನಿಂಬೆಯನ್ನು ಆಮೇಲೆ ಹಿಂಡಿದ. ನಡುವೆ ಎರಡು ಸಲ ಅವಳು ಅವನಿಗೆ ಬೈದಳು. ಬೈಯುತ್ತ ಬೈಯುತ್ತ ಅವಳ ದನಿ ಹಳೆಯ ದನಿಯಾಯಿತು. ಅಂದು ಅವಳು ಒಂದು ಇಡೀ ಮೀನು ತಿಂದಳು. ಮುಳ್ಳು ಚೀಪುತ್ತ, ಉಪ್ಪು ಒಂದು ಕಲ್ಲು ಕಡಿಮೆಯಾಯಿತು ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಲೋಕಯ್ಯನ ಕಣ್ಣಲ್ಲಿ ನೀರು ತುಂಬಿತ್ತು. ಅವನು ಎರಡೂ ಕೈ ಜೋಡಿಸಿದ.

“ಎಂಥ ಮಾತು ಹೇಳಿದಿರಿ, ಗುರುಗಳೇ! ನನ್ನ ಕಣ್ಣು ತೆರೆಯಿತು. ಈಗ ಇದೊಂದನ್ನು ಹೇಳಿಬಿಡಿ. ನನ್ನ ಅಕ್ಕನಿಗೆ ಏನು ಬೇಕಾಗಿರಬಹುದು?”

ಗುರುಗಳು ಹಣೆ ಹಣೆ ಚಚ್ಚಿಕೊಂಡರು.

“ನೋಡು, ಮತ್ತೆ ನನ್ನನ್ನೇ ಕೇಳುತ್ತಿದ್ದೀಯ.”

ಲೋಕಯ್ಯ ಎದ್ದ. ಅಕ್ಕನನ್ನೇ ಕೇಳಲು ಮನೆಯ ದಾರಿ ಹಿಡಿದ.