ಇಬ್ಬನಿ ಹುಲ್ಲಿನ ಹಗೆ

"ಕೋಟೆಯ ಒಳಗಿನವರೂ ಹೊರಗಿನವರೂ ಕಿವಿಗೊಟ್ಟು ಕೇಳಿರಿ! ದೊರೆಯ ದೇವರ ಕುರಿಗಳು ಸಾಯುತ್ತಿವೆ. ಗುಡ್ಡದ ರಾಕ್ಷಸ ಮೂರು ಒಗಟು ಹಾಕಿದ್ದಾನೆ. ಒಡೆದವರಿಗೆ ಬೇಡಿದ್ದು ಸಿಗುತ್ತದೆ, ಸಾವೂ ನಿಲ್ಲುತ್ತದೆ. ತಪ್ಪಿದವರು ರಾಕ್ಷಸನ ಪಾಲು. ಯಾರೂ ಮುಂದೆ ಬಾರದಿದ್ದರೆ ದಿನಕ್ಕೊಂದು ಚೀಟಿ ಎತ್ತಿ, ಹೆಸರು ಬಂದವರನ್ನು ಕಳಿಸಲಾಗುವುದು!"

ಡಂಗುರ ಹೊಡೆದವನೇ ಮನೆಗೆ ಓಡಿ ಬಾಗಿಲು ಹಾಕಿಕೊಂಡ. ಇನ್ನು ಕೇಳಿದವರ ಗತಿ ಏನು ಹೇಳಲಿ?

ಆ ದೊರೆಗೆ ಕುರಿಯೆಂದರೆ ಪ್ರಾಣ. ಮುನ್ನೂರು ಬಿಳಿ ಕುರಿಗಳನ್ನು ದೇವರ ಹೆಸರಿಗೆ ಬಿಟ್ಟು, ಕೋಟೆಯೊಳಗೆ ಅವಕ್ಕೊಂದು ಹುಲ್ಲುಗಾವಲು ಮಾಡಿಸಿ, ಗೋಡೆ ಕಟ್ಟಿಸಿ, ದಿನಾ ನೀರು ಹಾಯಿಸುತ್ತಿದ್ದ. ಇಬ್ಬನಿ ಕೂತ ಹುಲ್ಲು ಅಮೃತ ಅಂತ ಅವನ ನಂಬಿಕೆ. ಹಾಗಾಗಿ ಬೆಳಕು ಹರಿಯುತ್ತಿದ್ದಂತೆ ತಾನೇ ಹೋಗಿ ಬಾಗಿಲು ತೆಗೆಯುವನು. ಕುರಿ ಸತ್ತರೆ ರೇಷ್ಮೆ ಹೊದಿಸಿ ಹೂಳಬೇಕು. ದೇವರ ಕುರಿಗೆ ಕತ್ತಿ ತಾಕಿಸಿದವರ ತಲೆ ಉಳಿಯುತ್ತಿರಲಿಲ್ಲ. ಆ ವರ್ಷ ಮಳೆ ಹಿಡಿದದ್ದೇ ತಡ, ಕುರಿಗಳ ಗದ್ದದಡಿ ನೀರು ತುಂಬಿ, ಕಣ್ಣು ಬಿಳಿಚಿಕೊಂಡು, ನಿಂತ ನಿಂತಲ್ಲೇ ಕುಸಿಯತೊಡಗಿದವು. ಇನ್ನೂರು ಹೋದವು. ಆಗಲೇ ಆ ರಾಕ್ಷಸ ಗುಡ್ಡ ಇಳಿದು ಬಂದು ಹುಲ್ಲುಗಾವಲಿನ ಗೋಡೆಯ ಮೇಲೆ ಕೂತದ್ದು.

ಮೊದಲು ಮಂತ್ರಿಯ ಮಗ ಹೋದ. ಒಗಟು ಕೇಳಿ "ಗೆದ್ದಲು" ಅಂದ. ಅಷ್ಟೇ, ಮುಗಿಯಿತು. ದಂಡನಾಯಕ "ಇರುವೆ" ಅಂದ. ಅವನ ರುಮಾಲು ಮಾತ್ರ ಹುಲ್ಲಿನ ಮೇಲೆ ಬಿತ್ತು. ಆಸ್ಥಾನದ ಜ್ಯೋತಿಷಿ "ನವಗ್ರಹ" ಅಂದನಂತೆ. ಪಾಪ, ಹೊರಡುವ ಮೊದಲು ತನ್ನ ಗ್ರಹಗತಿಯನ್ನಾದರೂ ನೋಡಿಕೊಳ್ಳಬಾರದಿತ್ತೆ! ಹೀಗೆ ಹದಿನೇಳು ಜನ. ಮೊದಲ ಒಗಟನ್ನೇ ಯಾರೂ ದಾಟಲಿಲ್ಲ. ಹದಿನೆಂಟನೆಯ ದಿನ ಎತ್ತಿದ ಚೀಟಿಯಲ್ಲಿ ಕಂಬಳಿ ನೇಯುವ ಮಾಳಿಂಗನ ಹೆಸರು ಬಂತು.

ಮಾಳಿಂಗನಿಗೆ ಮಗ್ಗ ಬಿಟ್ಟರೆ ಲೋಕವೇ ಗೊತ್ತಿಲ್ಲ. ಕುರಿ ಕಾಯುವವಳು ಅವನ ತಂಗಿ ಬೀರವ್ವ. ತಾಯಿ ತಂದೆ ಇಲ್ಲದ ಅವಳಿಗೆ ಇದ್ದವನು ಅವನೊಬ್ಬ. ಕಾವಲುಗಾರರು ಎಳೆದುಕೊಂಡು ಹೊರಟಾಗ ಅವಳೂ ಹಿಂದೆಯೇ ಬಂದಳು.

"ನಮ್ಮಣ್ಣನ ಬದಲಿ ನಾ ಹೇಳತೀನಿ" ಅಂದಳು.

ರಾಕ್ಷಸ ನಕ್ಕ. "ಹೇಳು ಹುಡುಗಿ. ತಪ್ಪಿದರೆ ಇಬ್ಬರನ್ನೂ ತಿನ್ನುತ್ತೇನೆ."

ಕತ್ತಿ ಹಿಡಿದು ದೊರೆ ಪಕ್ಕದಲ್ಲೇ ನಿಂತಿದ್ದ. ಮುಂಜಾನೆ ಸತ್ತ ಕುರಿಯೊಂದು ರೇಷ್ಮೆಗಾಗಿ ಕಾಯುತ್ತ ಅಲ್ಲೇ ಬಿದ್ದಿತ್ತು.

"ನಾಲ್ಕು ಕಂಬದ ಮನೆ. ಒಳಗೆ ಸಾವಿರ ಮಂದಿ ಉಣ್ಣುತ್ತಾರೆ, ಒಲೆ ಹಚ್ಚುವುದಿಲ್ಲ. ಮನೆ ಬಿದ್ದರೆ ತಾವೂ ಸಾಯುತ್ತಾರೆ, ಆದರೂ ಮನೆ ಬೀಳಿಸುವುದನ್ನು ಬಿಡುವುದಿಲ್ಲ. ಯಾರವರು?" ಎಂದು ರಾಕ್ಷಸ ಮೊದಲ ಒಗಟು ಹಾಕಿದ.

"ಹುಳ" ಅಂದಳು ಬೀರವ್ವ. "ಮನೀ ಅಂದ್ರ ಕುರಿ. ನಮ್ಮ ಕುರಿ ಸತ್ರ ನಾವು ಬಡವ್ರು ಹೂಳೂದಿಲ್ಲ, ಸೀಳತೀವಿ. ಹೊಟ್ಟ್ಯಾಗ ಕೆಂಪು ಬಿಳಿ ದಾರ ಹೊಸೆದಂಗ ಹುಳ ಇರತಾವು, ರಕ್ತ ಕುಡಕೋತ."

ರಾಕ್ಷಸನ ನಗು ನಿಂತಿತು.

"ಕಾಲಿಲ್ಲ, ಆದರೂ ಏರುತ್ತದೆ. ಮುಂಜಾನೆ ತುದಿಯಲ್ಲಿ, ಬಿಸಿಲಿಗೆ ಬುಡದಲ್ಲಿ. ಬೇಟೆಗೆ ಹೋಗುವುದಿಲ್ಲ. ಬೇಟೆಯೇ ಬಂದು ಅದನ್ನು ನುಂಗುತ್ತದೆ, ನುಂಗಿದ್ದೇ ಸಾಯುತ್ತದೆ."

"ಅದೇ ಹುಳದ ಮರಿ. ಹುಳದ ತತ್ತಿ ಕುರಿ ಹಿಕ್ಕಿ ಕೂಡ ಹೊರಗ ಬೀಳತಾವು. ಹಸಿ ನೆಲದಾಗ ವಾರದೊಳಗ ಮರಿ ಆಗಿ, ಇಬ್ಬನಿ ಇದ್ದಾಗ ಹುಲ್ಲಿನ ತುದಿ ಏರತಾವು. ಕುರಿ ಬಂದು ಹುಲ್ಲಿಗೆ ಬಾಯಿ ಹಾಕಿದ್ರ ಮುಗೀತು."

"ಕಣ್ಣಾರೆ ಕಂಡೆಯಾ?" ಎಂದ ರಾಕ್ಷಸ.

"ಕಣ್ಣಿಗೆ ಕಾಣೂವಷ್ಟು ದೊಡ್ಡದಲ್ಲ. ಇಬ್ಬನಿ ಆರೂಕಿಂತ ಮೊದ್ಲ ಮೇಯಾಕ ಬಿಟ್ಟ ವರ್ಷ ನನ್ನ ಹದಿನಾಲ್ಕು ಕುರಿ ಸತ್ತೂವು. ಬಿಸಿಲೇರಿದ ಮ್ಯಾಲ ಬಿಟ್ಟು, ವಾರ ತುಂಬೂದ್ರಾಗ ಹಟ್ಟಿ, ಮೇಯೂ ಜಾಗ ಬದಲಿ ಮಾಡಿದ ಮ್ಯಾಲ ಒಂದೂ ಸಾಯಲಿಲ್ಲ. ಇನ್ನೇನು ನೋಡಬೇಕು?"

ರಾಕ್ಷಸ ಗೋಡೆಯಿಂದ ಬಗ್ಗಿದ. ಅವನ ಉಸಿರಿಗೆ ಮಾಳಿಂಗ ಕಣ್ಣು ಮುಚ್ಚಿಕೊಂಡ.

"ಕೊನೆಯದು. ಆ ಹಗೆಯ ಬಾಯಿಗೆ ಕುರಿಗಳನ್ನು ದಿನಾ ಕೈಯಾರೆ ಒಪ್ಪಿಸುವವನು ಒಬ್ಬನಿದ್ದಾನೆ. ಸತ್ತಾಗ ಎಲ್ಲರಿಗಿಂತ ಜೋರಾಗಿ ಅಳುವವನೂ ಅವನೇ. ಯಾರು?"

ಬೀರವ್ವನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ದೊರೆಯ ಕತ್ತಿ, ಹೇಳದಿದ್ದರೆ ರಾಕ್ಷಸನ ಹಲ್ಲು. ಅಣ್ಣನ ಮುಖ ನೋಡಿದಳು. ಅವನು ಅಳುತ್ತಿದ್ದ.

"ನೀವೇ ರೀ ದೊರೀ," ಅಂದಳು. "ಒಂದೇ ಜಾಗದಾಗ ಕೂಡಿ ಹಾಕಿ, ನೀರು ಹಾಯಿಸಿ, ಇಬ್ಬನ್ಯಾಗ ಬಾಗಿಲಾ ತಗದವ್ರು ನೀವೇ. ಸುಳ್ಳಾದ್ರ ಈ ಕುರಿ ಸೀಳಿ ನೋಡ್ರಿ. ಆಮ್ಯಾಲ ನನ್ನ ಕಡೀರಿ, ನಮ್ಮಣ್ಣನ್ನ ಬಿಡ್ರಿ."

ದೊರೆಯ ಕತ್ತಿ ಮೇಲೆದ್ದಿತು. ಕಾವಲುಗಾರರು ಮುಖ ತಿರುಗಿಸಿದರು. ಕತ್ತಿ ಬಿದ್ದದ್ದು ಬೀರವ್ವನ ಮೇಲಲ್ಲ, ಸತ್ತ ಕುರಿಯ ಹೊಟ್ಟೆಯ ಮೇಲೆ. ಒಳಗೆ ಕೆಂಪು ಬಿಳಿ ದಾರಗಳು ರಾಶಿ ರಾಶಿಯಾಗಿ ಮಿಸುಕಾಡುತ್ತಿದ್ದವು. ದೊರೆ ಅಲ್ಲೇ ಮೊಣಕಾಲೂರಿ ಕೂತುಬಿಟ್ಟ.

"ಮೂರೂ ಸರಿ," ಎಂದು ರಾಕ್ಷಸ ಗೋಡೆಯಿಂದಿಳಿದ. "ಗುಡ್ಡದ ಮೇಲಿಂದ ಎಲ್ಲ ನೋಡುತ್ತಿದ್ದೆ ದೊರೆ. ನಿನ್ನ ಒಂದು ಕುರಿಯನ್ನೂ ನಾನು ಮುಟ್ಟಿಲ್ಲ. ನೀನು ಕಳಿಸಿದ ಹದಿನೇಳು ಜನರನ್ನಷ್ಟೇ ತಿಂದೆ." ಹಾಗಂದು ಗುಡ್ಡದಾಚೆ ಹೋದವನು ಮತ್ತೆ ಬರಲಿಲ್ಲ.

ದೊರೆ ಕತ್ತಿ ಕೆಳಗಿಟ್ಟ. "ಏನು ಬೇಕು, ಕೇಳು ತಾಯಿ" ಅಂದ.

ಉಳಿದ ಕುರಿಗಳನ್ನೆಲ್ಲ ಬೀರವ್ವ ಕೇಳಿದಳು, ಒಣ ಬಯಲಿಗೆ ಹೊಡೆದುಕೊಂಡು ಹೋಗುವುದಕ್ಕೆ. ದೊರೆ ಕುರಿಗಳ ಜೊತೆ ಆ ಬಯಲನ್ನೂ ಕೊಟ್ಟ, ಹುಲ್ಲುಗಾವಲಿಗೆ ನೇಗಿಲು ಹೂಡಿಸಿದ. ಆಮೇಲೆ ಚಪ್ಪಲಿ ಕಳಚಿ, ಹದಿನೇಳು ಮನೆಗಳಿಗೆ ನಡೆದುಕೊಂಡೇ ಹೊರಟ. ಮೊದಲನೆಯದು ಮಂತ್ರಿಯ ಮನೆ. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ.

ಇತ್ತ ಮಾಳಿಂಗ ಮನೆ ಮುಟ್ಟುವ ತನಕ ತಂಗಿಯ ಕೈ ಬಿಡಲಿಲ್ಲ.