ಸೆರಾಫಿನ್ ಮೇಸ್ತ್ರಿಯ ಎರಡು ಮೊಳೆ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ನನಗೆ ಹೇಳಿದವರಿಗೂ ಅದು ತಿಳಿದಿರಲಿಲ್ಲ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ಕೋಡಿಕಡವು ಎಂಬ ಊರಿತ್ತು. ಸೇತುವೆ ಇರಲಿಲ್ಲ. ಆಚೆ ದಡಕ್ಕೆ ಹೋಗಲು ಒಂದೇ ಲಾಂಚು, ಪೆಟ್ರೋಲ್ ಎಂಜಿನಿನದ್ದು. ಅದು ಕೆಟ್ಟರೆ ಸರಿ ಮಾಡಲು ಒಬ್ಬನೇ ಮನುಷ್ಯ, ಸೆರಾಫಿನ್ ಮೇಸ್ತ್ರಿ.

ಅವನ ಬಗ್ಗೆ ಜನ ಏನೇನೋ ಹೇಳುತ್ತಾರೆ. ಎಂಜಿನಿಗೆ ಕಿವಿಯಿಟ್ಟು ಅದರ ಕಾಯಿಲೆ ಹೇಳುತ್ತಿದ್ದನಂತೆ. ಕಿಡಿಯನ್ನು ಅಂಗೈಯಲ್ಲಿ ಹಿಡಿದು ಮನೆಗೆ ಒಯ್ದು ಒಲೆ ಹೊತ್ತಿಸುತ್ತಿದ್ದನಂತೆ. ಒಲೆಯ ಮಾತನ್ನು ನಾನು ನಂಬುವುದಿಲ್ಲ. ಲಾಂಚಿನ ಮಾತನ್ನು ನಂಬುತ್ತೇನೆ, ಅದನ್ನೇ ಹೇಳುತ್ತೇನೆ.

ಆ ವಾರ ಲಾಂಚು ಎರಡು ಸಲ ನಡುಹೊಳೆಯಲ್ಲಿ ನಿಂತಿತ್ತು. ದಡದಲ್ಲಿ ಚೆನ್ನಾಗಿಯೇ ಓಡುವ ಎಂಜಿನ್, ಸೆಳೆತಕ್ಕೆ ಎದುರಾಗಿ ಜೋರು ಕೊಟ್ಟೊಡನೆ ಕೆಮ್ಮಿ ಸುಮ್ಮನಾಗುತ್ತಿತ್ತು. ಎರಡು ಸಲವೂ ಉಬ್ಬರದ ಹೊತ್ತು, ಆದ್ದರಿಂದ ದೋಣಿಯವರು ಹೋಗಿ ಎಳೆದು ತಂದರು. ಇಳಿತದ ಹೊತ್ತಾಗಿದ್ದರೆ ನೀರು ಅದನ್ನು ನೇರ ಕಡಲಿಗೆ ಒಯ್ಯುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಕಾನ್ವೆಂಟಿನ ಹನ್ನೊಂದು ಹುಡುಗಿಯರು ಪರೀಕ್ಷೆಗೆಂದು ಕಡವಿಗೆ, ಅಂದರೆ ಲಾಂಚು ಹತ್ತುವ ಕಟ್ಟೆಗೆ, ಬಂದರು. ಜೊತೆಯಲ್ಲಿ ಮದರ್ ಸಿಸಿಲಿಯಾ. ಪರೀಕ್ಷೆ ಆಚೆ ದಡದ ಶಾಲೆಯಲ್ಲಿ. ಹತ್ತು ಗಂಟೆಗೆ ಬಾಗಿಲು ಮುಚ್ಚುತ್ತದೆ. ತಪ್ಪಿದರೆ ಒಂದು ವರ್ಷ ಹೋಯಿತು, ಆ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮನೆಯವರು ಇನ್ನೊಂದು ವರ್ಷ ಕೊಡುವವರಲ್ಲ, ಮದುವೆ ಮಾಡಿ ಕಳುಹಿಸುವವರು. ನೀರು ಆಗಲೇ ಇಳಿಯತೊಡಗಿತ್ತು. ಕಡವಿನ ಒಂದು ಮೆಟ್ಟಿಲು ಕಂಡಿತು.

ಲಾಂಚಿನ ಚಾಲಕ ತ್ಯಾಂಪಣ್ಣ ಪೇಟೆಯಿಂದ ಹೊಸ ದೀಪದ ಟೆಸ್ಟರ್ ತಂದಿದ್ದ. ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ಗಿನ ವಯರಿಗೆ ಹಿಡಿದರೆ, ಕಿಡಿ ಇದ್ದಾಗ ದೀಪ ಮಿನುಗುತ್ತದೆ. ಹಿಡಿದ, ಮಿನುಗಿತು. ಆಮೇಲೆ ಪ್ಲಗ್ಗನ್ನೇ ಬಿಚ್ಚಿ ಎಂಜಿನಿನ ಮೈಗೆ ತಾಗಿಸಿ ನೋಡಿದ. ಕಿಡಿ ಬಂತು.

"ಇನ್ನೇನು ಬೇಕು ಪೊರ್ಬುಗಳೇ? ಆರತಿ ಎತ್ತಬೇಕೆ?" ಎಂದು, ಕ್ರೈಸ್ತರನ್ನು ಕರೆಯುವ ಊರಿನ ಮಾತಿನಲ್ಲೇ, ಪಕ್ಕದಲ್ಲಿ ನಿಂತಿದ್ದ ಸೆರಾಫಿನನನ್ನು ಕೇಳಿದನಂತೆ. ಜನ ನಕ್ಕರಂತೆ.

ಸೆರಾಫಿನ್ ನಗಲಿಲ್ಲ. ಚೀಲದಿಂದ ಒಂದು ಮರದ ತುಂಡು ತೆಗೆದ. ಅದರ ಮೇಲೆ ಎರಡು ಮೊಳೆ, ಎದುರುಬದುರು. ಒಂದನ್ನು ಹಿಂದೆ ಮುಂದೆ ಸರಿಸಬಹುದು. ಮೊಳೆಗಳ ನಡುವೆ ಒಂದು ಕಡಲೆಕಾಳು ಹಿಡಿಯುವಷ್ಟು ಜಾಗ ಬಿಟ್ಟು, ವಯರು ಸಿಕ್ಕಿಸಿದ. ಬಿಸಿಲಿನಲ್ಲಿ ಕಿಡಿ ಕಾಣದೆಂದು ಮದರ್ ತಮ್ಮ ಕಪ್ಪು ಕೊಡೆ ಹಿಡಿದರಂತೆ. ತ್ಯಾಂಪಣ್ಣ ಎಂಜಿನ್ ತಿರುಗಿಸಿದ.

"ಹಾರಿತೇ?" ಎಂದ ಸೆರಾಫಿನ್.

ಹಾರಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಹಾರಲಿಲ್ಲ. ಇನ್ನೊಂದು ಮೆಟ್ಟಿಲು ಕಂಡಿತು. ಹುಡುಗಿಯರು ನಿಂತಲ್ಲಿ ನಿಲ್ಲಲಾರದೆ ದಡದುದ್ದಕ್ಕೂ ಹೋಗಿ ಬಂದು, ಹೋಗಿ ಬಂದು ಮಾಡುತ್ತಿದ್ದರಂತೆ.

ಮದರ್ ಗಡಿಯಾರ ನೋಡಿದರು. "ಎರಡು ಸಾಧನ ಹೌದು ಎನ್ನುತ್ತವೆ. ನಿನ್ನ ಮರದ ತುಂಡು ಇಲ್ಲ ಎನ್ನುತ್ತದೆ. ಯಾವುದನ್ನು ನಂಬಲಿ?"

"ಆ ದೀಪ ಸಾಯುವ ಕಿಡಿಗೂ ಮಿನುಗುತ್ತದೆ ಮದರ್. ಬಯಲು ಗಾಳಿಯಲ್ಲಿ ಪ್ಲಗ್ಗಿನ ಸಣ್ಣ ಸಂದನ್ನು ಎಂಥ ಕಿಡಿಯೂ ಹಾರುತ್ತದೆ. ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಒತ್ತಿ ಇಟ್ಟಿರುತ್ತದೆ. ಜೋರು ಕೊಟ್ಟಷ್ಟೂ ಒತ್ತಡ ಹೆಚ್ಚು. ಇಲ್ಲಿ ಕಾಳಿನಷ್ಟು ಹಾರದ ಕಿಡಿ ಅಲ್ಲಿ ಕೂದಲಿನಷ್ಟೂ ಹಾರದು. ಕಿಡಿ ಹುಟ್ಟಿಸುವ ಕಾಯಿಲ್ ಸೋತಿದೆ."

"ಬೇರೆ ಕಾಯಿಲ್ ಎಲ್ಲಿದೆ?"

"ಪಾದ್ರಿಗಳ ಕಾರಿನಲ್ಲಿ."

ಪಾದ್ರಿಗಳು ಆಗ ಪೂಜೆಯಲ್ಲಿದ್ದರು, ಕೇಳುವಂತಿರಲಿಲ್ಲ. ಮದರ್ ಸಿಸಿಲಿಯಾ ಬದುಕಿನಲ್ಲಿ ಒಂದು ಗುಂಡುಸೂಜಿಯನ್ನೂ ಕೇಳದೆ ತೆಗೆದವರಲ್ಲವಂತೆ. ಇನ್ನೊಂದು ಮೆಟ್ಟಿಲು ಕಂಡಿತು.

"ತೆಗೆ," ಎಂದರಂತೆ. "ಪಾಪನಿವೇದನೆ ನಾನು ಮಾಡಿಕೊಳ್ಳುತ್ತೇನೆ."

ಸೆರಾಫಿನ್ ಲಾಂಚಿನ ಕಾಯಿಲ್ ಬಿಚ್ಚಿಕೊಂಡು ಇಗರ್ಜಿಗೆ ಓಡಿದ. ಕಾರಿನ ಕಾಯಿಲ್ ಬಿಚ್ಚಿ, ಪಾದ್ರಿಗಳಿಗೆ ಕೊರತೆಯಾಗಬಾರದೆಂದು ಲಾಂಚಿನ ಹಳೆಯದನ್ನು ಅದಕ್ಕೆ ಕೂರಿಸಿದ. ಓಡಿ ಬಂದು ಕಾರಿನದನ್ನು ಲಾಂಚಿಗೆ ಕೂರಿಸಿ, ಮೊಳೆಗಳಿಗೆ ವಯರು ಕೊಟ್ಟ.

"ಹಾರಿತೇ?"

"ಹಾರಿತು!" ಎಂದು ಹನ್ನೊಂದು ಹುಡುಗಿಯರೂ ಕೂಗಿದರಂತೆ.

ಅಳಿವೆಯ ಹತ್ತಿರ ಇಳಿತವು ಲಾಂಚನ್ನು ಬಿಳಿ ನೊರೆಯ ಕಡೆಗೆ ಎಳೆಯಿತು. ತ್ಯಾಂಪಣ್ಣ ಪೂರ್ತಿ ಜೋರು ಕೊಟ್ಟ. ಎಲ್ಲರೂ ಕೆಮ್ಮಿಗಾಗಿ ಕಾದರು. ಎಂಜಿನ್ ಕೆಮ್ಮಲಿಲ್ಲ. ಶಾಲೆಯ ಜವಾನ ಒಂದು ಕದ ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದಾಗ ಕೊನೆಯ ಹುಡುಗಿ ಒಳಗೆ ಹೋದಳಂತೆ.

ಈಚೆ ದಡದಲ್ಲಿ ಪೂಜೆ ಮುಗಿಸಿ ಪಾದ್ರಿಗಳು ಹೊರಟರು. ಇಗರ್ಜಿಯ ಅಂಗಳದಲ್ಲಿ ಕಾರು ಸೊಗಸಾಗಿ ಶುರುವಾಯಿತು. ಏರಿನಲ್ಲಿ ನಿಂತಿತು. ಹಿಂದೆ ಬಂದು ಮತ್ತೆ ಹೊರಟರು, ಮತ್ತೆ ಏರಿನಲ್ಲೇ ನಿಂತಿತು. ಕೊನೆಗೆ ನಿಲುವಂಗಿ ಎತ್ತಿ ಹಿಡಿದು ನಡೆದುಕೊಂಡೇ ಹೋದರು. ಲಾಂಚು ಮರಳಿ ತಂದ ತ್ಯಾಂಪಣ್ಣ ಅದನ್ನು ಕಣ್ಣಾರೆ ಕಂಡ. ಮರುದಿನ ಒಂದು ಮರದ ತುಂಡು, ಎರಡು ಮೊಳೆ ಹಿಡಿದು ಸೆರಾಫಿನನ ಬಾಗಿಲಲ್ಲಿ ನಿಂತಿದ್ದನಂತೆ.

ಈಗ ಆ ಕಡವಿನಲ್ಲಿ ಓಡುವುದು ಡೀಸೆಲ್ ಲಾಂಚು. ಅದಕ್ಕೆ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಆದರೂ ಜನ ಮೆಟ್ಟಿಲ ಮೇಲೆ ನಿಂತು "ಹಾರಿತೇ?" ಎಂದು ಕೇಳುತ್ತಾರೆ. ಹೊಸ ಚಾಲಕರು ಎಂಜಿನಿನ ವಿಷಯ ವಿವರಿಸಲು ನೋಡುತ್ತಾರೆ. ಯಾರೂ ಹತ್ತುವುದಿಲ್ಲ. ಕೊನೆಗೆ ಅವರು "ಹಾರಿತು" ಎನ್ನುತ್ತಾರೆ. ಪರೀಕ್ಷೆಗೆ ಹೋಗುವ ಹುಡುಗಿಯರು ಮೊದಲು ಹತ್ತುತ್ತಾರೆ.