ಕೈ ಬದಲಾದ ಸುರಂಗ

ಕುರುಚಲು ಗಿಡಗಳ ಒಂದು ಕಾಡಿನಲ್ಲಿ ನೀರು ಇದ್ದದ್ದು ಒಂದೇ ಕಡೆ, ತಗ್ಗಿನಲ್ಲಿದ್ದ ಮಡುವಿನಲ್ಲಿ. ಸಣ್ಣ ಪ್ರಾಣಿಗಳೆಲ್ಲ ಮೇಲಿನ ಬಂಡೆಗಳ ಸಂದಿಗೊಂದಿಗಳಲ್ಲಿ ವಾಸವಾಗಿದ್ದವು. ಬಂಡೆಗಳಿಗೂ ಮಡುವಿಗೂ ನಡುವೆ ಒಂದು ಬಯಲಿತ್ತು. ಅಲ್ಲಿ ಮರವಿಲ್ಲ, ಪೊದೆಯಿಲ್ಲ, ಅಡಗಿಕೊಳ್ಳಲು ಗೇಣುದ್ದದ ಹುಲ್ಲೂ ಇಲ್ಲ. ಸೀಳುನಾಯಿಗಳ ಗುಂಪೊಂದು ಆ ಬಯಲನ್ನು ಕಾಯುತ್ತಿತ್ತು. ನೀರಿಗೆ ಬಂದವರು ಯಾರು, ಯಾವ ಬಿಲಕ್ಕೆ ಮರಳಿದರು ಎಂದು ದೂರದಿಂದ ನೋಡಿಕೊಳ್ಳುತ್ತಿತ್ತು. ಆಮೇಲೆ ಆ ಬಿಲ ಖಾಲಿಯಾಗುತ್ತಿತ್ತು.

ಬೊಮ್ಮಜ್ಜ ಎಂಬ ಮುಳ್ಳುಹಂದಿ ಈ ಬಯಲಿನ ಅಡಿಯಲ್ಲಿ ಒಂದು ಸುರಂಗ ತೋಡಿದ್ದ. ಅದರ ಒಂದು ಬಾಯಿ ಬಂಡೆಗಳ ಹಿಂದೆ, ಇನ್ನೊಂದು ಬಾಯಿ ಮಡುವಿನ ದಡದ ಜೊಂಡಿನೊಳಗೆ. ತೋಡಿ ಮುಗಿಸಲು ಅವನಿಗೆ ನಾಲ್ಕು ಬೇಸಿಗೆ ಹಿಡಿದಿತ್ತು. ಮುಗಿದ ದಿನ ಅವನು ಎಲ್ಲರನ್ನೂ ಕರೆದು ಹೇಳಿದ್ದ:

"ಇಲ್ಲಿ ಯಾರು ಬೇಕಾದರೂ ಓಡಾಡಿ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀಯ ಅಂತ ನಾನು ಕೇಳಲ್ಲ. ಹೆಜ್ಜೆ ಗುರುತು ಬಿದ್ದರೆ ಅಳಿಸ್ತೀನಿ. ಒಳಗೆ ಕಂಡದ್ದನ್ನ ಹೊರಗೆ ಆಡಲ್ಲ."

ಅವನು ಹಾಗೆಯೇ ನಡೆದುಕೊಂಡ. ಬೆಳಿಗ್ಗೆ ಮತ್ತು ಸಂಜೆ ಬಾಲದ ಮುಳ್ಳುಗಳಿಂದ ಸುರಂಗದ ನೆಲ ಗುಡಿಸುತ್ತಿದ್ದ. ಒಂದು ಇರುವೆ ನಡೆದ ಗುರುತೂ ಉಳಿಯುತ್ತಿರಲಿಲ್ಲ. ಪ್ರಾಣಿಗಳು ಬರುವಾಗ ಒಂದು ಗಡ್ಡೆಯನ್ನೋ ಬೇರನ್ನೋ ಸುರಂಗದ ಬಾಯಿಯ ಹತ್ತಿರ ಇಟ್ಟು ಹೋಗುತ್ತಿದ್ದವು. ಮೊಲ ಸಾಕವ್ವ ತನ್ನ ಮೂರು ಮರಿಗಳಿಗೆ ನಡೆಯಲು ಕಲಿಸಿದ್ದೇ ಆ ಸುರಂಗದಲ್ಲಿ.

ಅಷ್ಟು ಹೊತ್ತಿಗೆ ವರ್ಷಗಳು ಕಳೆದಿದ್ದವು. ಬೊಮ್ಮಜ್ಜನಿಗೆ ವಯಸ್ಸಾಯಿತು. ಮಳೆಗಾಲದಲ್ಲಿ ಕುಸಿದ ಮಣ್ಣನ್ನು ಎತ್ತಿ ಹಾಕುವಾಗ ಅವನ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದನ್ನು ನೋಡಿಕೊಂಡೇ ಒಂದು ದಿನ ಚೆನ್ನಿಗ ಎಂಬ ಪುನುಗಿನ ಬೆಕ್ಕು ಅವನ ಬಳಿ ಬಂದ.

"ಅಜ್ಜ, ಈ ವಯಸ್ಸಲ್ಲಿ ಮಣ್ಣು ಹೊರೋದು ಯಾಕೆ? ಈ ಕಾಡು ದಾಟಿದರೆ ಸಿಗೋ ಗುಡ್ಡದಲ್ಲಿ ನನಗೊಂದು ಗುಹೆ ಇದೆ. ಸುತ್ತ ಗೆಣಸಿನ ಬಳ್ಳಿ. ನಿನ್ನ ಮಗಳೂ ಆ ಕಡೆಯೇ ಇದ್ದಾಳಂತಲ್ಲ. ಗುಹೆ ನೀನು ತಗೋ, ಸುರಂಗ ನನಗೆ ಬಿಡು," ಎಂದ.

"ಸುರಂಗ ಕೊಡಬಹುದು. ಆದರೆ ಅದನ್ನ ನಂಬಿಕೊಂಡು ಬರೋರು ಇದ್ದಾರೆ," ಎಂದ ಬೊಮ್ಮಜ್ಜ.

"ಅವರು ನನಗೂ ಬೇಕಾದವರೇ. ನೀನು ನಡೆಸಿದ ಹಾಗೇ ನಡೆಸ್ತೀನಿ."

"ಸರಿ. ಹೋಗೋ ಮುಂಚೆ ಎಲ್ಲರಿಗೂ ಒಂದು ಮಾತು ಹೇಳ್ತೀನಿ."

ಚೆನ್ನಿಗ ಬೇಡವೆಂದು ತಲೆ ಆಡಿಸಿದ. "ಹೇಳಿದರೆ ಸುಮ್ಮನೆ ಗಾಬರಿಯಾಗ್ತಾರೆ. ಹೆದರಿಕೊಂಡು ನಾಲ್ಕು ಜನ ಬಯಲಿಗೆ ಇಳಿದರೆ ಸಾವು ಖಂಡಿತ. ಆ ಪಾಪ ನಿನಗೆ ಬೇಕಾ? ಹೆಸರು ನಿನ್ನದೇ ಇರಲಿ. ಸುರಂಗ ಅದೇ, ದಾರಿ ಅದೇ. ಯಾರ ಕೈಯಲ್ಲಿದೆ ಅಂತ ಗೊತ್ತಾಗಿ ಅವರಿಗೆ ಆಗಬೇಕಾದ್ದೇನು?"

ಬೊಮ್ಮಜ್ಜನ ಸೊಂಟ ನೋಯುತ್ತಿತ್ತು. ಮಗಳ ನೆನಪೂ ಆಯಿತು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಅವನು ಗುಡ್ಡದ ದಾರಿ ಹಿಡಿದ.

ಅಂದು ನೀರಿಗೆ ಬಂದ ಪ್ರಾಣಿಗಳಿಗೆ ಸುರಂಗದ ಬಾಯಲ್ಲಿ ಚೆನ್ನಿಗ ಕಂಡ.

"ಬೊಮ್ಮಜ್ಜ ಎಲ್ಲಿ?" ಎಂದು ಸಾಕವ್ವ ಕೇಳಿದಳು.

"ಒಳಗಿನ ಕೋಣೆಯಲ್ಲಿ ಮಲಗಿದ್ದಾನೆ. ಸೊಂಟನೋವು. ಅವನಿಗೆ ಕೈಜೋಡಿಸೋಣ ಅಂತ ನಾನಿದ್ದೀನಿ. ಹೋಗಿ, ಹೋಗಿ," ಎಂದ ಚೆನ್ನಿಗ.

ಒಳಗೆ ಘಮಘಮ ಎನ್ನುತ್ತಿತ್ತು. ಚೆನ್ನಿಗ ಗೋಡೆಗೂ ಮೇಲ್ಭಾಗಕ್ಕೂ ಪುನುಗು ಸವರಿದ್ದ. ಮಣ್ಣಿನ ಮುಗ್ಗುಲು ವಾಸನೆ ಹೋಗಲಿ ಎಂದು ಹಾಗೆ ಮಾಡಿದೆ ಎಂದ. ಪ್ರಾಣಿಗಳಿಗೆ ಅದು ಹಿಡಿಸಿತು. ಮರಿಗಳಂತೂ ಮನೆಗೆ ಹೋದ ಮೇಲೂ ಒಂದರ ಬೆನ್ನು ಒಂದು ಮೂಸಿಕೊಂಡು ನಗುತ್ತಿದ್ದವು.

ಸಾಕವ್ವನ ಪಕ್ಕದ ಬಂಡೆಯಲ್ಲಿ ದೊಡ್ಡಯ್ಯ ಎಂಬ ಮುದಿ ಉಡ ಇದ್ದ. ಅವನು ನಾಲಿಗೆ ಹೊರಚಾಚಿ ಗಾಳಿ ನೋಡಿ, "ನನಗೆ ಇದು ಸರಿ ಕಾಣ್ತಿಲ್ಲ ಕಣವ್ವ," ಎಂದ.

"ಏನು ಸರಿಯಿಲ್ಲ? ಸುರಂಗ ಬೊಮ್ಮಜ್ಜನದೇ ತಾನೇ?" ಎಂದಳು ಸಾಕವ್ವ.

"ಬೊಮ್ಮಜ್ಜನನ್ನ ಕಂಡವರು ಯಾರು?"

ಸಾಕವ್ವ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇಷ್ಟು ವರ್ಷ ಏನೂ ಆಗದ ಜಾಗ ಅದು. ದೊಡ್ಡಯ್ಯ ಮಾತ್ರ ಅಂದಿನಿಂದ ಸುರಂಗಕ್ಕೆ ಇಳಿಯಲಿಲ್ಲ. ಮುಳ್ಳುಕಂಟಿಯ ಸುತ್ತುದಾರಿಯಲ್ಲಿ ಅರ್ಧ ದಿನ ನಡೆದು ನೀರು ಕುಡಿದು ಬರುತ್ತಿದ್ದ.

ಎಂಟು ದಿನದ ಮೇಲೆ ಕಾಡುಕೋಳಿಯ ಗೂಡು ಖಾಲಿಯಾಯಿತು. ಆಮೇಲೆ ಹೆಗ್ಗಣಗಳ ಒಂದು ಸಂಸಾರ ಹೋಯಿತು. ಸೀಳುನಾಯಿಗಳು ಬಂಡೆಗಳ ಇಷ್ಟು ಒಳಗೆ ಹಿಂದೆ ಎಂದೂ ಬಂದಿರಲಿಲ್ಲ. ಈಗ ನೆಟ್ಟಗೆ ಬರುತ್ತಿದ್ದವು, ಯಾವ ಬಿಲದಲ್ಲಿ ಯಾರಿದ್ದಾರೆ ಎಂದು ಮೊದಲೇ ತಿಳಿದವರ ಹಾಗೆ.

ಒಂದು ಮಧ್ಯಾಹ್ನ ಸಾಕವ್ವ ಗರಿಕೆ ತರಲು ಹೋಗಿದ್ದಳು. ಮರಳಿ ಬಂದಾಗ ಬಿಲದ ಬಾಯಿ ಅಗಲವಾಗಿತ್ತು. ಎರಡು ಮರಿಗಳು ಬಂಡೆಯ ಬಿರುಕಿನಲ್ಲಿ ನುಸುಳಿಕೊಂಡು ಉಳಿದಿದ್ದವು. ಕಿರಿಯವಳು ಚಿಕ್ಕಿ ಇರಲಿಲ್ಲ. ಸಾಕವ್ವ ತಂದ ಗರಿಕೆಯನ್ನು ಮೂರು ಪಾಲು ಮಾಡಿದಳು. ಆಮೇಲೆ ಅದನ್ನು ನೋಡಿಕೊಂಡು ಕೂತಳು.

ಮರುದಿನ ಅವಳೇ ದೊಡ್ಡಯ್ಯನ ಬಳಿ ಹೋದಳು.

"ನಿನ್ನ ಬಂಡೆ ನನ್ನ ಬಿಲಕ್ಕಿಂತ ಮುಂದಿದೆ. ಅವು ನಿನ್ನನ್ನ ದಾಟಿಕೊಂಡು ನನ್ನ ಮನೆಗೆ ಬಂದವು. ಯಾಕೆ?" ಎಂದು ಕೇಳಿದಳು.

"ನನ್ನ ಮೈಗೆ ಆ ವಾಸನೆ ಇಲ್ಲವಲ್ಲ," ಎಂದ ದೊಡ್ಡಯ್ಯ.

ಸಾಕವ್ವ ತನ್ನ ಬೆನ್ನು ಮೂಸಿಕೊಂಡಳು. ನಿನ್ನೆ ಸುರಂಗದಲ್ಲಿ ಹತ್ತಿದ ಪುನುಗು ಇನ್ನೂ ಹಾಗೇ ಇತ್ತು. "ಇರಬಹುದು. ಆದರೆ ನೋಡದೆ ಯಾರ ಮೇಲೂ ದೂರು ಹೇಳೋದು ಬೇಡ," ಎಂದಳು.

ಅವಳು ಮರಿಗಳನ್ನು ಅಕ್ಕನ ಮನೆಗೆ ಬಿಟ್ಟು ಸುರಂಗಕ್ಕೆ ಹೋದಳು. ಎಂದಿನಂತೆ ನೀರು ಕುಡಿದು ಮರಳುವಾಗ ಒಳಗಿನ ಕೋಣೆಯಲ್ಲಿ ಇಣುಕಿದಳು. ಅಲ್ಲಿ ಜೇಡನ ಬಲೆ ಇತ್ತು, ಬೊಮ್ಮಜ್ಜ ಇರಲಿಲ್ಲ. ಅವನು ಮಲಗುತ್ತಿದ್ದ ಜಾಗದ ಮೇಲೆ ಮಣ್ಣು ಉದುರಿ ಬಹಳ ದಿನವಾಗಿತ್ತು. ಅವಳು ಏನೂ ಕಾಣದವಳ ಹಾಗೆ ಚೆನ್ನಿಗನಿಗೆ ತಲೆ ಬಾಗಿಸಿ ಹೊರಗೆ ಬಂದಳು. ತನ್ನ ಮನೆಗೆ ಹೋಗದೆ ಬಂಡೆಗಳಾಚೆ ಇದ್ದ ಒಂದು ಹಾಳು ಬಿಲಕ್ಕೆ ಹೋದಳು. ಅದರ ಗೋಡೆಗೆ ಚೆನ್ನಾಗಿ ಬೆನ್ನು ಉಜ್ಜಿದಳು. ಪಕ್ಕದ ಕೆಸರಿನಲ್ಲಿ ಹೊರಳಿ ಮೈತುಂಬ ಕೆಸರು ಮೆತ್ತಿಕೊಂಡಳು. ಅಲ್ಲಿಂದ ಎತ್ತರದ ಬಂಡೆ ಹತ್ತಿ ದೊಡ್ಡಯ್ಯನ ಪಕ್ಕ ಕೂತಳು.

ಬಿಸಿಲು ಇಳಿಯುವ ಮೊದಲೇ ಸೀಳುನಾಯಿಗಳು ಬಂದವು. ಮೂಗು ನೆಲಕ್ಕೆ ಹಚ್ಚಿ ಸುರಂಗದ ಬಾಯಿಂದ ಹಾಳು ಬಿಲದವರೆಗೆ ಒಂದೇ ಗೆರೆಯಲ್ಲಿ ನಡೆದವು. ಹಿಂದೆ ಚೆನ್ನಿಗ ನಿಧಾನವಾಗಿ ಬಂದ.

ಗುಂಪಿನ ಯಜಮಾನ ಕೆಂಚಪ್ಪ ಬಿಲ ಕೆದರಿ ನೋಡಿ, "ಖಾಲಿ ಇದೆಯಲ್ಲೋ," ಎಂದ.

"ಎಲ್ಲೋ ಮೇಯೋದಕ್ಕೆ ಹೋಗಿರಬೇಕು. ನಾಳೆ ಮತ್ತೆ ನೀರಿಗೆ ಬರ್ತಾಳೆ, ಎಲ್ಲಿಗೆ ಹೋಗ್ತಾಳೆ?" ಎಂದ ಚೆನ್ನಿಗ. "ನನ್ನ ಪಾಲು ಮರೀಬೇಡ."

"ಮಾತು ಅಂದರೆ ಮಾತು. ನಿನ್ನ ಪಾಲು ನಿನಗೆ. ನಿನ್ನನ್ನ ನಾವು ಮುಟ್ಟಲ್ಲ," ಎಂದ ಕೆಂಚಪ್ಪ.

ಬಂಡೆಯ ಮೇಲೆ ಸಾಕವ್ವ ಉಸಿರು ಬಿಗಿಹಿಡಿದು ಕೂತಿದ್ದಳು. ಅವು ಹೋದ ಮೇಲೆ ಅವಳು ಕಟ್ಟೆ ಒಡೆದ ಹಾಗೆ ಅತ್ತಳು. ತಾನೇ ಚಿಕ್ಕಿಯನ್ನು ದಿನವೂ ಆ ಸುರಂಗಕ್ಕೆ ಕರೆದುಕೊಂಡು ಹೋಗಿದ್ದು ಅವಳಿಗೆ ನೆನಪಾಯಿತು. ದೊಡ್ಡಯ್ಯ ಅವಳು ಅತ್ತು ಮುಗಿಸುವವರೆಗೆ ಜೊತೆಗಿದ್ದ.

ಮರುದಿನ ಸಾಕವ್ವ ಮನೆಯಿಂದ ಮನೆಗೆ ಹೋಗಿ ಕಂಡದ್ದನ್ನು ಹೇಳಿದಳು. ಎಲ್ಲರೂ ಕೆಸರಿನಲ್ಲಿ ಹೊರಳಿ ಬಿಲ ಬದಲಾಯಿಸಿದರು. ನೀರಿಗೆ ಮುಳ್ಳುಕಂಟಿಯ ಸುತ್ತುದಾರಿ ಹಿಡಿದರು. ಕಾಲಿಗೆ ಮುಳ್ಳು ತರಚಿತು, ಮರಿಗಳು ಬಾಯಾರಿ ಅತ್ತವು. ಆದರೂ ಸುರಂಗಕ್ಕೆ ಒಬ್ಬರೂ ಇಳಿಯಲಿಲ್ಲ.

ಬೊಮ್ಮಜ್ಜ ಮಗಳಿರುವ ಕಡೆ ಹೋಗಿರಬಹುದು ಎಂದುಕೊಂಡು ಸಾಕವ್ವ ಒಂದು ದಿನ ಪೂರ್ತಿ ನಡೆದು ಗುಡ್ಡಕ್ಕೆ ಹೋಗಿ, ವಿಚಾರಿಸಿ ಅವನ ಗುಹೆ ಮುಟ್ಟಿದಳು. ಬೊಮ್ಮಜ್ಜ ಬಾಗಿಲಲ್ಲೇ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಅವಳನ್ನು ಕಂಡು ಖುಷಿಯಿಂದ ಎದ್ದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ಮತ್ತೆ ಕೂತುಬಿಟ್ಟ.

"ನಾನು ನಡೆಸಿದ ಹಾಗೇ ನಡೆಸ್ತೀನಿ ಅಂದಿದ್ದ. ಸುರಂಗದ ಜೊತೆ ನನ್ನ ಮಾತನ್ನೂ ಅವನ ಕೈಗೆ ಕೊಟ್ಟೆ ಅಂದುಕೊಂಡೆ," ಎಂದ.

"ಮಾತು ನೀನು ಆಡಿದ್ದು ಅಜ್ಜ. ಅದು ನಿನ್ನ ಜೊತೆಗೇ ಎದ್ದು ಬಂತು. ಅಲ್ಲಿ ಉಳಿದದ್ದು ಬರೀ ತೂತು. ನೀನು ಹೋಗಿದ್ದು ತಪ್ಪಲ್ಲ. ಹೇಳದೆ ಹೋಗಿದ್ದು ತಪ್ಪು. ಹೇಳಿದ್ದರೆ ನಾನು ಒಂದು ಸಲ ಗೋಡೆ ಮೂಸಿ ನೋಡ್ತಿದ್ದೆ," ಎಂದಳು ಸಾಕವ್ವ.

ಬೊಮ್ಮಜ್ಜ ತಲೆ ಎತ್ತಲಿಲ್ಲ. "ಚಿಕ್ಕಿ ಅಂದರೆ, ಬಲಗಿವಿ ಬಿಳಿ ಇದ್ದದ್ದಾ?" ಎಂದು ಕೇಳಿದ.

"ಹೂಂ," ಎಂದಳು ಸಾಕವ್ವ.

ಇತ್ತ ಸುರಂಗದಲ್ಲಿ ಐದು ದಿನ ಯಾರೂ ನಡೆಯಲಿಲ್ಲ. ಸೀಳುನಾಯಿಗಳಿಗೆ ಹಿಡಿದು ಹೋಗಲು ಹೊಸ ವಾಸನೆ ಇರಲಿಲ್ಲ. ಚೆನ್ನಿಗ ಮಾತ್ರ ಧೈರ್ಯವಾಗಿದ್ದ. ಬಾಯಾರಿದರೆ ಎಲ್ಲರೂ ತಾವಾಗಿ ಬರುತ್ತಾರೆ ಎಂದುಕೊಂಡು ಆರನೆಯ ದಿನ ಒಳಗೆ ಹೊಸದಾಗಿ ಪುನುಗು ಸವರುತ್ತಿದ್ದ. ಆಗ ಎರಡೂ ಬಾಯಿಯಲ್ಲಿ ಬೆಳಕು ಮರೆಯಾಯಿತು. ಎರಡು ಕಡೆಯೂ ಸೀಳುನಾಯಿಗಳು ನಿಂತಿದ್ದವು.

"ಕೆಂಚಪ್ಪ, ಇನ್ನೊಂದೆರಡು ದಿನ ತಾಳು. ಬರ್ತಾರೆ," ಎಂದ ಚೆನ್ನಿಗ.

"ಕೆಂಚಪ್ಪ ಇಲ್ಲ," ಎಂದಿತು ಸುರಂಗದ ಬಾಯಲ್ಲಿ ನಿಂತಿದ್ದ ನಾಯಿ. "ಮೊನ್ನೆ ಕಡವೆ ಒದ್ದು ಅವನ ಕಾಲು ಮುರಿದಿದೆ. ಈಗ ಗುಂಪು ನಡೆಸೋನು ನಾನು, ಮಲ್ಲ."

"ಹಾಗಾದರೆ ನಿನಗೂ ಗೊತ್ತಿರಬೇಕಲ್ಲ ಮಲ್ಲಣ್ಣ. ನನ್ನನ್ನ ಮುಟ್ಟಲ್ಲ ಅಂತ ಗುಂಪಿನ ಮಾತಿದೆ."

"ಆ ಮಾತು ಕೊಟ್ಟದ್ದು ಕೆಂಚಪ್ಪ," ಎಂದ ಮಲ್ಲ. "ನಾನು ಕೊಟ್ಟಿಲ್ಲ."

ಚೆನ್ನಿಗ ಇನ್ನೂ ಏನೋ ಹೇಳಲು ಹೊರಟ. ಕೇಳುವವರು ಯಾರೂ ಇರಲಿಲ್ಲ. ನಾಯಿಗಳು ಎರಡು ಕಡೆಯಿಂದಲೂ ಒಳಗೆ ನುಗ್ಗಿದವು. ಅಂದಿನಿಂದ ಚೆನ್ನಿಗನನ್ನು ಕಂಡವರಿಲ್ಲ.

ಸ್ವಲ್ಪ ದಿನದಲ್ಲಿ ಬೊಮ್ಮಜ್ಜ ಗುಡ್ಡ ಇಳಿದು ಬಂದ. ಹಳೆಯ ಸುರಂಗವನ್ನು ಅವನೇ ಕೆಡವಿದ. ನೋಯುವ ಸೊಂಟ ಹಿಡಿದುಕೊಂಡು ಬೇರೆ ಕಡೆ ಹೊಸದನ್ನು ತೋಡಲು ಶುರುಮಾಡಿದ. ಈ ಸಲ ಎಲ್ಲರೂ ಮಣ್ಣು ಹೊತ್ತರು. ಸುರಂಗ ಮುಗಿಯಿತು. ಆದರೆ ಒಳಗೆ ಕಾಲಿಡಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಸಾಕವ್ವನ ಮುಖ ನೋಡಿದರು.

ಸಾಕವ್ವ ಮೊದಲು ಒಬ್ಬಳೇ ಇಳಿದಳು. ನೆಲ ನೋಡಿದಳು, ಗೋಡೆ ಮೂಸಿದಳು, ಇನ್ನೊಂದು ಬಾಯಿಯವರೆಗೆ ಹೋಗಿ ಬಂದಳು. ಬೊಮ್ಮಜ್ಜನ ಎದುರು ನಿಂತು ಕೇಳಿದಳು:

"ಅಜ್ಜ, ನಿನ್ನ ಮೇಲೆ ನನಗೆ ಸಂಶಯ ಇಲ್ಲ. ಆದರೆ ನೀನು ಇಲ್ಲದ ದಿನ ಇದು ಯಾರ ಕೈಗೆ ಹೋಗುತ್ತೆ?"

"ಯಾರ ಕೈಗೂ ಕೊಡಲ್ಲ," ಎಂದ ಬೊಮ್ಮಜ್ಜ. "ಕೈಲಾಗದ ದಿನ ಎರಡೂ ಬಾಯಿ ಮುಚ್ಚಿ ಹೋಗ್ತೀನಿ. ಆಮೇಲೆ ಯಾರಾದರೂ ತೋಡಿದರೆ ಅದು ಅವರ ಸುರಂಗ. ಅವರನ್ನ ಕೇಳಬೇಕಾದ್ದನ್ನ ಅವರನ್ನೇ ಕೇಳಿ."

ಎರಡು ಮಳೆಗಾಲ ಆ ಸುರಂಗ ನಡೆಯಿತು. ಸಾಕವ್ವ ಆಗಾಗ ಗೋಡೆ ಮೂಸಿ ನೋಡುವುದನ್ನು ಬಿಡಲಿಲ್ಲ. ಬೊಮ್ಮಜ್ಜನೂ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ನೀರಿಗೆ ಹೊರಟವರಿಗೆ ಸುರಂಗದ ಬಾಯಿ ಸಿಗಲಿಲ್ಲ. ಅಲ್ಲಿ ಕಲ್ಲು ಒಟ್ಟಿ, ಮೇಲೆ ಹಸಿಮಣ್ಣು ಮೆತ್ತಿ, ಚೆನ್ನಾಗಿ ತುಳಿದು ಗಟ್ಟಿ ಮಾಡಲಾಗಿತ್ತು. ಜೊಂಡಿನ ಕಡೆಯ ಬಾಯಿಯೂ ಹಾಗೆಯೇ ಇತ್ತು. ಅಷ್ಟು ದೊಡ್ಡ ಕಲ್ಲುಗಳನ್ನು ಆ ಮುದುಕ ಒಬ್ಬನೇ ಹೇಗೆ ಉರುಳಿಸಿದನೋ ಯಾರಿಗೂ ತಿಳಿಯಲಿಲ್ಲ. ಪ್ರಾಣಿಗಳು ಸ್ವಲ್ಪ ಹೊತ್ತು ಆ ಮಣ್ಣಿನ ಮುಂದೆ ನಿಂತವು. ಸಾಕವ್ವ ಮುಂಗಾಲಿನಿಂದ ಅದನ್ನು ಒಮ್ಮೆ ಮುಟ್ಟಿದಳು. ಆಮೇಲೆ ಮರಿಗಳನ್ನು ಕರೆದುಕೊಂಡು ಮುಳ್ಳುಕಂಟಿಯ ದಾರಿಯಲ್ಲಿ ಹೊರಟಳು.

ನೀತಿ: ಒಬ್ಬರ ಮೇಲಿಟ್ಟ ನಂಬಿಕೆ ಅವರ ವಸ್ತುವಿನ ಜೊತೆ ಇನ್ನೊಬ್ಬರ ಕೈಗೆ ದಾಟುವುದಿಲ್ಲ. ಯಜಮಾನ ಬದಲಾದಾಗ ಹಳೆಯ ಹೆಸರು ನೋಡಿ ಸುಮ್ಮನಾಗದೆ, ಮೊದಲಿನಿಂದ ವಿಚಾರಿಸಿ ನೋಡಬೇಕು.